ಮಡ್ಡಿಯ ಮೇಲಿಂದ ಕಂಡ ಚರಗ

ಗುಡ್ಡ ಹತ್ತುವವರನ್ನು ನೀವು ಗಮನಿಸಿದ್ದರೆ ಒಂದು ವಿಚಿತ್ರ ನಿಮ್ಮ ಕಣ್ಣಿಗೂ ಬಿದ್ದಿರಬಹುದು. ಮನೆಯ ರಗಳೆ ಸಾಕಾಯಿತೆಂದು, ಒಂದಿಷ್ಟು ಶುದ್ಧ ವಾಯುವೂ ವಿಶಾಲ ದಿಗಂತವೂ ಬೇಕೆಂದು ಏದುಸಿರು ಬಿಡುತ್ತ ಮೇಲೇರಿದ ಮನುಷ್ಯ, ನೆತ್ತಿ ತಲುಪಿ ಬೆವರೊರೆಸಿಕೊಂಡ ಮರುಕ್ಷಣ ಮಾಡುವ ಮೊದಲ ಕೆಲಸವೆಂದರೆ ಕಣ್ಣಿಗೆ ಕೈ ಮರೆಮಾಡಿ ‘ನಮ್ಮ ಮನೆ ಎಲ್ಲಿದೆ?’ ಎಂದು ಹುಡುಕುವುದು. ಸಿಕ್ಕಿತೋ, ಕಳೆದುಹೋದ ಎಮ್ಮೆ ಸಿಕ್ಕವನಂತೆ ಹಿಗ್ಗುತ್ತಾನೆ. ಗಂಟೆಯ ಹಿಂದೆ ಅದೇ ಮನೆಯ ಕದವನ್ನು ಧಡಾರನೆ ಎಳೆದುಕೊಂಡು ಬಂದವನು ತಾನೇ ಎಂಬುದು ಅವನಿಗೆ ನೆನಪಿರುವುದಿಲ್ಲ. ಹಾಗಿದ್ದರೆ ಇಷ್ಟು ಕಷ್ಟಪಟ್ಟು ಹತ್ತಿದ್ದು ಯಾವ ಪುರುಷಾರ್ಥಕ್ಕೆ ಎಂದು ಕೇಳುವವರು ನನ್ನಂಥ ಸೋಮಾರಿಗಳು ಮಾತ್ರ.

ನನ್ನ ಸೋಮಾರಿತನಕ್ಕೆ ಶಾಸ್ತ್ರಾಧಾರವಿದೆ. ನಾನು ಭೂಗೋಳದ ಮಾಸ್ತರನಾಗಿದ್ದವನು. ಅಫಜಲಪುರ, ಜೇವರ್ಗಿ, ಆಳಂದ ಎಂದು ಮೂರು ತಾಲ್ಲೂಕುಗಳಲ್ಲಿ ವರ್ಗಾವಣೆಯ ಗಾಳಿ ಬೀಸಿದತ್ತ ಹಾರಿ, ಪರ್ವತ, ಪ್ರಸ್ಥಭೂಮಿ, ಕಣಿವೆ, ಶಿಖರಗಳನ್ನು ಒಂದನ್ನೂ ಹತ್ತದೆ ಬೋಧಿಸಿದ ಪುಣ್ಯಾತ್ಮ. ನೆಲೋಗಿಯ ಕಡೆ ಇದ್ದಾಗಲಂತೂ ಕಣ್ಣು ಹಾಯಿಸಿದಷ್ಟು ದೂರ ಎರೆನೆಲ. ಏರು ಎಂದರೇನೆಂದು ತೋರಿಸಲು ನನಗೆ ದೊರೆತ ಏಕೈಕ ಉನ್ನತ ಪ್ರದೇಶ ಶಾಲೆಯ ಹಿಂದಿನ ತಿಪ್ಪೆ. ಅದರ ಮುಂದೆ ಮಕ್ಕಳನ್ನು ನಿಲ್ಲಿಸಿ ಶಿಖರ, ಇಳಿಜಾರು, ತಪ್ಪಲು ಎಲ್ಲವನ್ನೂ ಕೋಲಿನಿಂದ ತೋರಿಸಿದೆ. ಪರೀಕ್ಷೆಯಲ್ಲಿ ನಾಲ್ಕು ಮಂದಿ ‘ಪರ್ವತವು ಗೊಬ್ಬರದಿಂದ ಆಗಿರುತ್ತದೆ’ ಎಂದು ಬರೆದರು. ತಪ್ಪಿನಲ್ಲಿ ಅರ್ಧ ನನ್ನದಿದ್ದುದರಿಂದ ಅರ್ಧ ಅಂಕ ಕೊಟ್ಟೆ.

ನಿವೃತ್ತನಾಗಿ ಆಳಂದದಲ್ಲಿ ನೆಲೆ ನಿಂತ ಮೇಲೆ ದಣಿವು ತಗ್ಗುತ್ತದೆಂದು ಎಣಿಸಿದ್ದೆ. ಆದರೆ ಕೆಲಸ ಮಾಡಿ ದಣಿದವನಿಗೆ ನಿದ್ರೆಯಾದರೂ ಬರುತ್ತದೆ, ಏನೂ ಮಾಡದೆ ದಣಿದವನಿಗೆ ಅದೂ ಇಲ್ಲ. ಈ ನಿಷ್ಕ್ರಿಯ ದಣಿವುಗಳಲ್ಲಿ ಮಹಾದಣಿವು ಯಾವುದೆಂದರೆ, ಮನೆಯೊಳಗೆ ಯಾರೂ ಮಾತಿನಲ್ಲಿ ಎತ್ತದ, ಆದರೆ ದಿನವೂ ಊಟಕ್ಕೆ ನಮ್ಮ ಜೊತೆಗೇ ಕೂರುವ ಒಂದು ಜಗಳ. ನಮ್ಮ ಮನೆಯಲ್ಲಿ ಅಂಥದೊಂದಿತ್ತು. ಅದು ನನ್ನ ಹೆಂಡತಿ ಮಹಾನಂದಾ ಮತ್ತು ಅವಳ ತಮ್ಮ ಶರಣಪ್ಪನ ನಡುವಿನದು.

ಶರಣಪ್ಪ ಮಟಕಿಯ ಕಡೆಯ ರೈತ. ಎರಡು ವರ್ಷದ ಹಿಂದೆ ತಂದೆಯ ಹೊಲವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಅವನಿಗೆ ಅಕ್ಕನ ಒಪ್ಪಿಗೆಪತ್ರ ಬೇಕಾಯಿತು. ನಮ್ಮ ಸೀಮೆಯಲ್ಲಿ ಇದಕ್ಕೊಂದು ಕ್ರಮವುಂಟು. ತಮ್ಮ ಖುದ್ದು ಬರಬೇಕು. ಅಕ್ಕ ಬಿಸಿ ರೊಟ್ಟಿ ಬಡಿದು ಬಡಿಸಬೇಕು. ಎಲೆಅಡಿಕೆಯೂ ಮುಗಿದ ಮೇಲೆ, ಈಗಷ್ಟೇ ನೆನಪಾಯಿತೆಂಬಂತೆ ಅವನು ಕಾಗದ ತೆಗೆಯಬೇಕು. ಅವಳು ಓದದೆಯೇ ‘ಸಹಿ ಎಲ್ಲಿ ಹಾಕಬೇಕು ಹೇಳು’ ಎನ್ನಬೇಕು. ಕಾಯಿದೆಯ ಕಣ್ಣಿಗೆ ಇದು ಸರಿಯೋ ತಪ್ಪೋ ಬೇರೆ ಮಾತು, ಕ್ರಮ ಇದು. ಶರಣಪ್ಪ ಸುಗ್ಗಿಯ ರಾಶಿಯ ಗಡಿಬಿಡಿಯಲ್ಲಿದ್ದ. ಕಾಗದ ಬರೆಯುವವನ ಕೈಯಲ್ಲೇ ಅದನ್ನು ಕಳಿಸಿಬಿಟ್ಟ. ಆ ಪುಣ್ಯಾತ್ಮ ಕಾಗದದ ಜೊತೆಗೆ ಹೆಬ್ಬೆಟ್ಟು ಒತ್ತಿಸುವ ಶಾಯಿಯ ಪ್ಯಾಡನ್ನೂ ಚೀಲದಿಂದ ತೆಗೆದು ಅವಳ ಮುಂದಿಟ್ಟ.

“ನಾ ಕೈ ಹಿಡಿದು ತಿದ್ದಿಸಿದ ಮ್ಯಾಲ ಅಂವಗ ಅಕ್ಷರ ಬಂದಾವ. ಅಂವ ನನಗ ಹೆಬ್ಬಟ್ಟು ಒತ್ತು ಅಂತ ಹೇಳಿ ಕಳಸ್ತಾನ?” ಎಂದಳು ಮಹಾನಂದಾ. “ತಾನಾ ಬರಲಿ, ಹಾಕ್ತೇನಿ ಅಂತ ಹೇಳ್ರಿ.”

ಪ್ಯಾಡು ಎಂಬುದು ಕಾಗದ ಬರೆಯುವವನ ಚೀಲದಲ್ಲಿ ಸದಾ ಬಿದ್ದಿರುವ ಸಾಮಾನು, ಅದರಲ್ಲಿ ಶರಣಪ್ಪನ ದೋಷವಿಲ್ಲ ಎಂದು ನಾನು ಸವಿವರವಾಗಿ ವಾದಿಸಿ ಎರಡು ದಿನ ತಣ್ಣನೆಯ ಅನ್ನ ಉಂಡೆ. ಅತ್ತ, ‘ತಾನೇ ಬರಲಿ’ ಎಂಬ ಮಾತು ಮಟಕಿ ಮುಟ್ಟುವಷ್ಟರಲ್ಲಿ ನಾಲ್ಕು ಬಾಯಿ ದಾಟಿ ‘ಅಕ್ಕ ಪಾಲು ಕೇಳಾಕತ್ತಾಳ’ ಎಂದಾಗಿತ್ತು. ಅವನು ಬರಲಿಲ್ಲ. ಹೋದ ವರ್ಷ ಎಳ್ಳಮಾವಾಸ್ಯೆಗೆ ಹೊಲಕ್ಕೆ ಕರೆಯಲೂ ಬರಲಿಲ್ಲ, ಫೋನು ಮಾಡಿದ. ಫೋನಿನಲ್ಲಿ ಕರೆದದ್ದು ಕರೆದಂತಲ್ಲ ಎಂದು ಇವಳು ಎತ್ತಲಿಲ್ಲ. ಈ ವರ್ಷ ಫೋನೂ ಬರಲಿಲ್ಲ.

ಎಳ್ಳಮಾವಾಸ್ಯೆ ನಮ್ಮಲ್ಲಿ ಮನೆಯ ಹಬ್ಬವಲ್ಲ, ಹೊಲದ ಹಬ್ಬ. ಅಂದು ಸಜ್ಜೆ ರೊಟ್ಟಿ, ಕಡುಬು, ಸಿಕ್ಕ ಕಾಯಿ, ಕಾಳು, ಸೊಪ್ಪನ್ನೆಲ್ಲ ಕೂಡಿಸಿ ಬೇಯಿಸಿದ ಭಜ್ಜಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಉಣ್ಣುವ ಮೊದಲು ಹೊಲ ಉಣ್ಣಬೇಕು. ಅಡುಗೆಯನ್ನೆಲ್ಲ ಕಲಸಿ ಬೆಳೆಯ ಸುತ್ತ ಚೆಲ್ಲುವುದಕ್ಕೆ ಚರಗ ಎನ್ನುತ್ತೇವೆ. ಮುಂದೆ ಹೋಗುವವನು ಕೂಗಿ ಚೆಲ್ಲುತ್ತಾನೆ. ಹಿಂದೆ ಚರಿಗೆಯಲ್ಲಿ ನೀರು ಹಿಡಿದು ಬರುವವರು ಆ ಕೂಗಿಗೆ ಉತ್ತರ ಕೊಟ್ಟು ನೀರು ಚಿಮುಕಿಸುತ್ತಾರೆ. ನನ್ನ ಅತ್ತೆಯ ಮನೆಯಲ್ಲಿ ಆ ಚರಿಗೆ ಮನೆಮಗಳ ಕೈಯಲ್ಲೇ ಇರಬೇಕೆಂಬ ರೂಢಿ. ಮದುವೆಯಾಗಿ ಮೂರು ತಾಲ್ಲೂಕು ಅಲೆದರೂ ಮಹಾನಂದಾ ಆ ಒಂದು ದಿನ ತಪ್ಪಿಸಿದವಳಲ್ಲ, ಹೋದ ವರ್ಷದವರೆಗೆ.

ಹಬ್ಬದ ಮುನ್ನಾದಿನ ಅವಳು, “ರೀ, ನಾಳೆ ಮಟಕಿ ಮಡ್ಡಿ ಹತ್ತೂಣು ನಡ್ರಿ. ಮ್ಯಾಲಿಂದ ನೋಡಿದ್ರ ಹೊಲ ಭಾಳ ಚಂದ ಕಾಣ್ತಾವಂತ” ಎಂದಾಗ ನಾನು ಬೆಚ್ಚಿದೆ. ಮಡ್ಡಿ ಎಂದರೆ ಉಳುಮೆಗೆ ಬಾರದ, ಕಲ್ಲು, ಕುರುಚಲು, ಒಣಹುಲ್ಲಿನ ಎತ್ತರದ ನೆಲ. ಮೂವತ್ತೈದು ವರ್ಷದ ದಾಂಪತ್ಯದಲ್ಲಿ ನಿಸರ್ಗಸೌಂದರ್ಯದ ಬಗ್ಗೆ ನನ್ನ ಹೆಂಡತಿ ಆಡಿದ ಮೊದಲ ಮಾತು ಇದು. ಮೊಣಕಾಲಿನ ನೆಪ ತೆಗೆದೆ, ಬಿಸಿಲಿನ ನೆಪ ತೆಗೆದೆ, ಹಬ್ಬದ ದಿನ ಟಂಟಂ ಆಟೊ ಸಿಗುವುದಿಲ್ಲವೆಂದೆ. ಬೆಳಿಗ್ಗೆ ಎಂಟಕ್ಕೆ ಟಂಟಂ ಬಾಗಿಲಿಗೇ ಬಂದಿತ್ತು.

ಏರುದಾರಿಯ ಬಗ್ಗೆ ರಮಣೀಯವಾದ ವರ್ಣನೆಯನ್ನು ನೀವು ನನ್ನಿಂದ ನಿರೀಕ್ಷಿಸಬೇಡಿ. ನಾನು ಕಂಡದ್ದು ನನ್ನ ಚಪ್ಪಲಿ, ಅದರ ಮುಂದಿನ ಕಲ್ಲು, ಆ ಕಲ್ಲಿನ ಮುಂದೆ ಇನ್ನೊಂದು ಕಲ್ಲು. ತಲೆಯ ಮೇಲೆ ಬುತ್ತಿಯ ಗಂಟು. ಇಬ್ಬರ ಊಟಕ್ಕೆ ಗಂಟು ಇಷ್ಟು ಭಾರವೇಕೆಂದು ನಡುದಾರಿಯಲ್ಲಿ ಕುಳಿತು ಬಿಚ್ಚಿ ನೋಡಿದರೆ ಹತ್ತು ಮಂದಿ ಉಣ್ಣುವಷ್ಟು ಭಜ್ಜಿ. “ಯಾರಿಗಿದು?” ಎಂದೆ. “ಗಾಳಿಗಿ ಹಸಿವಿ ಜಾಸ್ತಿ ಆಗ್ತದ” ಎಂದು ಅವಳು ಮುಂದೆ ನಡೆದಳು. ಎಂಥ ಮಂದಮತಿಗಾದರೂ ಅಷ್ಟು ಹೊತ್ತಿಗೆ ತಿಳಿಯಬೇಕಿತ್ತು. ನನಗೆ ನೆತ್ತಿ ತಲುಪಿದ ಮೇಲೆ ತಿಳಿಯಿತು.

ಮೇಲೆ ಆಡು ಮೇಯಿಸುತ್ತಿದ್ದ ಲಾಡ್ಲೇಸಾಬ್, ಮಹಾನಂದಾಳ ತವರೂರಿನ ಹಿರಿಯ, ನಮ್ಮನ್ನು ಕಂಡು ಕಂಬಳಿ ಹಾಸಿದ. “ಅರೆ, ಮಹಾನಂದವ್ವ! ಬಾ ಬೇ ಯವ್ವಾ. ಬರ್ರಿ ಮಾಸ್ತರ್, ಕುಂದರ್ರಿ, ದಮ್ಮು ತಗೋರಿ.” ನಾನು ದಮ್ಮು ತೆಗೆದುಕೊಂಡು ಸುತ್ತ ನೋಡಿದೆ. ನಾನು ಬಣ್ಣದ ಸೀಮೆಸುಣ್ಣದಲ್ಲಿ ಎಷ್ಟೋ ಸಲ ಬರೆದು ಅಳಿಸಿದ್ದ ಪ್ರಸ್ಥಭೂಮಿ ಕೊನೆಗೂ ಸ್ವತಃ ಹಾಸಿ ಬಿದ್ದಿತ್ತು. ಒಣಗುತ್ತಿದ್ದ ತೊಗರಿಯ ಕಂದು, ತೆನೆ ಹೊತ್ತ ಜೋಳದ ಹಸಿರು, ಅಲ್ಲಲ್ಲಿ ಕುಸುಬೆಯ ಹಳದಿ. ಜಿಡಗಾದ ದಿಕ್ಕಿಗೆ ಬಿಸಿಲಿನ ಮಬ್ಬು. ಪ್ರತಿ ಹೊಲದಲ್ಲೂ ಇರುವೆಯ ಗಾತ್ರದ ಸಂಸಾರಗಳು. ಚೆನ್ನಾಗಿತ್ತು, ಇಲ್ಲವೆನ್ನಲಾರೆ. ಆದರೆ ಈ ಚೆಲುವನ್ನು ನೋಡಲು ನನ್ನ ಕಾಲುಗಳು ಒಪ್ಪದೆ ನಡುಗುತ್ತಿದ್ದವು.

ಮಹಾನಂದಾ ಜಿಡಗಾದತ್ತಲೂ ನೋಡಲಿಲ್ಲ, ಆಳಂದದತ್ತಲೂ ನೋಡಲಿಲ್ಲ. ಮಡ್ಡಿಯ ಬುಡದಲ್ಲೇ ಇದ್ದ ತನ್ನ ತವರಿನ ಕಡಲೆಹೊಲವನ್ನು ನೋಡುತ್ತಿದ್ದಳು. “ಚರಿಗಿ ಯಾರ ಕೈಯಾಗ ಕೊಟ್ಟಾನೋ ನೋಡಬೇಕಾಗಿತ್ತು” ಎಂದಳು, ನನಗಲ್ಲ, ತನಗೇ. ಆಗ ನನಗೆ ನಿಜವಾಗಿ ಸಂಕಟವಾಯಿತು. ಎರಡು ವರ್ಷದಿಂದ ಅವಳನ್ನು ತಿನ್ನುತ್ತಿದ್ದದ್ದು ಕಾಗದವೂ ಅಲ್ಲ, ಪಾಲೂ ಅಲ್ಲ. ತನ್ನ ಜಾಗ ಇನ್ನೊಬ್ಬರಿಗೆ ಹೋಗಿದೆಯೇ ಎಂಬ ಪ್ರಶ್ನೆ. ಅದನ್ನು ಕೇಳಲು ಬಾಯಿ ಬಾರದೆ, ಕಣ್ಣಾರೆ ಕಾಣಲೆಂದು ಅವಳು ಈ ಕಲ್ಲುಗುಡ್ಡ ಏರಿದ್ದಳು.

ಕೆಳಗೆ ಬಿಳಿ ಅಂಗಿಯ ಶರಣಪ್ಪ ಬುಟ್ಟಿ ಹಿಡಿದು ಹೊರಟ. ಅವನ ಹೆಂಡತಿ, ಇಬ್ಬರು ಗಂಡುಮಕ್ಕಳು, ಸೊಸೆ ಎಲ್ಲರೂ ಬನ್ನಿಗಿಡದ ಕೆಳಗೇ ನಿಂತಿದ್ದರು. ಅವನ ಹಿಂದೆ ಯಾರೂ ಇರಲಿಲ್ಲ. ಬದುವಿನುದ್ದಕ್ಕೂ ಚೆಲ್ಲುತ್ತ ಮೂಲೆ ಮುಟ್ಟಿದ. ಅವನ ಕೂಗು ಗಾಳಿಯಲ್ಲಿ ನಮಗೂ ಕೇಳಿಸಿತು. ಉತ್ತರವಿಲ್ಲ. ಬುಟ್ಟಿಯನ್ನು ಅಲ್ಲೇ ಇಟ್ಟು, ಬಂದ ದಾರಿಯಲ್ಲೇ ಹಿಂದಿರುಗಿ, ಚರಿಗೆ ಎತ್ತಿಕೊಂಡು, ಅದೇ ಬದುವಿನ ಗುಂಟ ನೀರು ಚಿಮುಕಿಸುತ್ತ ಮತ್ತೆ ನಡೆದ.

“ಹೋದ ವರ್ಷಾನೂ ಹಿಂಗಾ ಮಾಡ್ಯಾನ ನೋಡ್ರಿ” ಎಂದ ಲಾಡ್ಲೇಸಾಬ್. “ಹೊಲದ ತುಂಬ ಎರಡೆರಡು ಸಲ ತಿರುಗ್ತಾನ. ಯಾರರ ಕೈಯಾಗ ಚರಿಗಿ ಕೊಡೋ, ಕಾಲು ಬೀಳ್ತಾವ ಅಂದೆ. ಅದು ನಮ್ಮಕ್ಕಂದದ ಕಾಕಾ, ಅಂದ.”

ಮಹಾನಂದಾ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಟನ್ನು ತಾನೇ ಎತ್ತಿಕೊಂಡು ಇಳಿಯತೊಡಗಿದಳು. “ಕರೀಲಾರದ ಹೆಂಗ ಹೋಗ್ತಿ?” ಎಂದು ನಾನು ಕೇಳಿದ್ದು, ಈಗ ಯೋಚಿಸಿದರೆ, ಅವಳ ಮಾನಕ್ಕಾಗಿಯೋ ನನ್ನ ಕಾಲಿಗಾಗಿಯೋ ಖಚಿತವಿಲ್ಲ. ಅವಳು ಆಗಲೇ ನಾಲ್ಕು ಕಲ್ಲು ಕೆಳಗಿದ್ದಳು. ಭೂಗೋಳದಲ್ಲಿ ಇಳಿಜಾರನ್ನು ನಾನು ಯಾವಾಗಲೂ ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ. ಅಂದು ಅದನ್ನು ಕುಳಿತು, ಜಾರಿ, ಆಡುಗಳ ತಿರಸ್ಕಾರದ ನಡುವೆ ವಿಸ್ತಾರವಾಗಿ ಅಭ್ಯಸಿಸಿದೆ.

ನಾನು ಬದು ಮುಟ್ಟುವ ಹೊತ್ತಿಗೆ ಅಕ್ಕ ತಮ್ಮ ಎದುರುಬದುರು ನಿಂತಾಗಿತ್ತು. ಶರಣಪ್ಪನ ಗಡ್ಡ ಬೆಳ್ಳಗಾಗಿತ್ತು, ಅಂಗಿ ಬೆವರಿನಲ್ಲಿ ತೊಯ್ದಿತ್ತು. ಎರಡು ವರ್ಷದ ಮಾತು ಈಗ ಹೊರಡುತ್ತದೆಂದು ಹೆದರಿ ನಾನು ದೂರವೇ ನಿಂತೆ.

“ಹೊತ್ತಾತಲ್ಲ ಅಕ್ಕ” ಎಂದ ಅವನು, ಅವಳು ಅರ್ಧ ಗಂಟೆ ತಡವಾಗಿ ಬಂದವಳೆಂಬಂತೆ.

“ಕರಿಯಾಕ ನೀ ಬರಲಿಲ್ಲ. ಹೊತ್ತಾಗಲಾರದ ಏನ್ ಆಗ್ತದ?”

ಅವನು ತಲೆ ತಗ್ಗಿಸಿದ. “ತಪ್ಪಾಗ್ಯದ” ಎಂದ. ಅವಳು ಕೈ ಚಾಚಿದಳು. ಅವನು ಚರಿಗೆ ಕೊಟ್ಟ. ಕೊಟ್ಟವನು ಮುಂದಿನ ಮೂಲೆಯತ್ತ ಹೋಗದೆ ಬನ್ನಿಗಿಡದತ್ತ, ಹೊರಟ ಜಾಗಕ್ಕೇ ತಿರುಗಿದ.

“ಎಲ್ಲಿಗಿ? ಎರಡು ಮೂಲಿ ಆಗ್ಯಾವಲ್ಲೋ” ಎಂದಳು ಇವಳು.

“ಅದು ಚರಗ ಅಲ್ಲಕ್ಕ. ಬರೇ ನಡದದ್ದು. ಮೊದಲಿಂದ ಹಾಕೂಣು.”

ನನಗೆ ವಿಪರೀತ ಹಸಿವಾಗಿತ್ತು, ಕಾಲುಗಳು ನನ್ನವೆನಿಸುತ್ತಿರಲಿಲ್ಲ, ಆದರೂ ಬನ್ನಿಯ ನೆರಳಿನಲ್ಲಿ ಕುಳಿತು ನೋಡಿದೆ. ಇಷ್ಟು ತಗ್ಗಿನಿಂದ ದಿಗಂತವೇನೂ ಕಾಣುತ್ತಿರಲಿಲ್ಲ. ಮೊಣಕಾಲೆತ್ತರದ ಕಡಲೆ, ಅದರಾಚೆ ಕುಸುಬೆಯ ಸಾಲು, ಅದರ ಗುಂಟ ಒಬ್ಬರ ಹಿಂದೊಬ್ಬರು ನಿಧಾನವಾಗಿ ಹೋಗುತ್ತಿದ್ದ ಇಬ್ಬರು ವಯಸ್ಸಾದವರು. ಮೂಲೆ ಬಂದಾಗ ಶರಣಪ್ಪ ನಿಂತು ಕೂಗಿದ. ಕೂಗಿ, ಎರಡು ವರ್ಷದ ರೂಢಿಯಂತೆ, ಬುಟ್ಟಿ ಇಡಲು ಬಾಗಿದ. ಅವನು ಬಾಗಿ ಮುಗಿಸುವಷ್ಟರಲ್ಲಿ ಹಿಂದಿನಿಂದ ಉತ್ತರ ಬಂತು.