ನೆಲಮಾಳಿಗೆಯ ಉತ್ತರ ದಿಕ್ಕು

ಹಳೆಯ ಹವಾಮಾನ ಕಚೇರಿಯ ಹದಿನೇಳು ಬೀಗದ ಕೈಗಳೂ ಆಕೆಯ ಸೊಂಟದಲ್ಲಿ ನೇತಾಡುತ್ತಿದ್ದುದರಿಂದ ಎಲ್ಲರಿಗೂ ಆಕೆ ಬೀಗದಮ್ಮ. ಗುಡಿಸುವುದು, ಒರೆಸುವುದು ಆಕೆಯ ನೌಕರಿ. ಬಂದವರನ್ನು ಮುಖ ಸಡಿಲಿಸದೆ ಗೋಳುಹೊಯ್ದುಕೊಳ್ಳುವುದು ಹವ್ಯಾಸ.

ನೆಲಮಾಳಿಗೆಯಲ್ಲಿ ಬಕೆಟ್ಟಿನಷ್ಟು ದೊಡ್ಡ ಉಕ್ಕಿನ ಡಬ್ಬಿಯೊಂದಿತ್ತು. ಭೂಕಂಪದ ಅಲೆಗಳನ್ನು ಅಳೆಯುವ ಯಂತ್ರ. ಊರಿನಾಚೆ ಸಮುದ್ರದ ತಳ ನಿಧಾನವಾಗಿ ನೆಲದಡಿಗೆ ನುಸುಳುತ್ತಿತ್ತು. ಹಾಗೆ ಮುಳುಗುವ ಕಲ್ಲಿನ ಹಾಸು ಆಳದಲ್ಲಿ ನಡುಗಿದಾಗ ಎದ್ದ ಅಲೆಗಳು ಮ್ಯಾಂಟಲ್ ಎಂಬ ಬಿಸಿ ಕಲ್ಲಿನ ಪದರವನ್ನು ದಾಟಿ ಮೇಲೆ ಬರುತ್ತಿದ್ದವು. ವಾರಕ್ಕೊಮ್ಮೆ ಯಂತ್ರದ ಹಸಿರು ದೀಪ ನೋಡಿ ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಬೀಗದಮ್ಮನ ಪಾಲಿನ ಕೆಲಸ. ಅದನ್ನು ಇದುವರೆಗೆ ಯಾರೂ ಓದಿರಲಿಲ್ಲ.

ಒಂದು ಬೆಳಿಗ್ಗೆ, ಆ ಯಂತ್ರ ಕಳಿಸುವ ಅಳತೆಗಳ ಮೇಲೆ ಸಂಶೋಧನೆ ಮಾಡುವ ಪ್ರೊಫೆಸರ್ ನಕ್ಷೆಯ ಸುರುಳಿಯೊಂದಿಗೆ ಬಂದರು. ಮೊಣಕಾಲು ನೋವಿನ ಮನುಷ್ಯ, ನೆಲಮಾಳಿಗೆಯ ಮೆಟ್ಟಿಲ ಕಡೆ ತಲೆ ಹಾಕಿದವರಲ್ಲ. ಮೇಜಿನ ಮೇಲೆ ನಕ್ಷೆ ಬಿಡಿಸಿ, ಪಕ್ಕದಲ್ಲಿದ್ದ ನೋಟ್‌ಬುಕ್ಕಿನ ಮೇಲೆ ಚಹಾದ ಲೋಟ ಇಟ್ಟರು. ಕಿಟಕಿಗೆ ಪರದೆ ತೂಗುಹಾಕಲು ಬಂದಿದ್ದ ಬೀಗದಮ್ಮನ ಗಂಡ, ದರ್ಜಿ, ಕುತೂಹಲದಿಂದ ಬಗ್ಗಿ ನೋಡಿದ.

"ಈ ಬಾಣಗಳೆಲ್ಲ ಏನು ಸರ್?"

"ಕೆಳಗಿನ ಕಲ್ಲು ಹರಿಯೋ ದಿಕ್ಕು. ಅಲೆ ಅಲ್ಲಿ ಎರಡಾಗಿ ಸೀಳುತ್ತೆ. ಹರಿವಿನ ಜೊತೆ ಅಲುಗೋದು ಮೊದಲು ಬರುತ್ತೆ, ಅಡ್ಡ ಅಲುಗೋದು ತಡವಾಗಿ."

"ಅಂದ್ರೆ ಬಟ್ಟೆಯ ನೂಲಿನ ಓಟ ಇದ್ದ ಹಾಗೆ. ಉದ್ದಕ್ಕೆ ಒಂಥರ, ಅಡ್ಡಕ್ಕೆ ಒಂಥರ."

ಪ್ರೊಫೆಸರ್‌ಗೆ ಖುಷಿಯೋ ಖುಷಿ. ಇಂಥದೇ ಯಂತ್ರಗಳಿದ್ದ ಸುತ್ತಲಿನ ಹನ್ನೊಂದು ಕೇಂದ್ರಗಳ ಬಾಣಗಳು ಕರಾವಳಿಯ ಉದ್ದಕ್ಕಿದ್ದವು. ಈ ಕಚೇರಿಯದೊಂದು ಮಾತ್ರ ಅಡ್ಡಡ್ಡ. ನಾಲ್ಕು ವರ್ಷದಿಂದ ಹಾಗೇ. ಇಲ್ಲಿ ಮುಳುಗುವ ಹಾಸು ಬಿರುಕು ಬಿಟ್ಟಿದೆ, ಆ ಬಿರುಕಿನಿಂದ ಬಿಸಿ ಕಲ್ಲು ನುಗ್ಗುತ್ತಿದೆ, ಮುಂದಿನ ವಾರ ದೊಡ್ಡ ಸಭೆಯಲ್ಲಿ ಇದನ್ನೇ ಹೇಳುವವನಿದ್ದೇನೆ ಎಂದರು.

"ನಾಲ್ಕು ವರ್ಷ," ಎಂದಳು ಬೀಗದಮ್ಮ. "ಎಷ್ಟು ತಿರುಗಿದೆ ಸರ್ ನಮ್ಮದು?"

"ಸುಮಾರು ಎಪ್ಪತ್ತು ಡಿಗ್ರಿ."

ಆಕೆ ಸೆರಗಿನಿಂದ ಬಾಯಿ ಒರೆಸಿಕೊಂಡಳು. ಗಂಡನಿಗೆ ಆ ಒರೆಸಾಟದ ಅರ್ಥ ಗೊತ್ತಿತ್ತು.

ಎರಡು ದಿನ ಆಕೆ ಗುಟ್ಟು ಬಿಟ್ಟುಕೊಡಲಿಲ್ಲ. ಬಿರುಕು ಎಷ್ಟು ಅಗಲ ಸರ್, ಕಲ್ಲು ನಮ್ಮ ಕಚೇರಿ ಕೆಳಗೇ ಯಾಕೆ ತಿರುಗುತ್ತೆ ಎಂದು ಒಂದೊಂದೇ ಪ್ರಶ್ನೆ ಎಸೆದಳು. ಪ್ರೊಫೆಸರ್ ಉತ್ಸಾಹದಿಂದ ಬಿರುಕನ್ನು ಹಿಗ್ಗಿಸುತ್ತಲೇ ಹೋದರು.

"ಪಾಪ, ಸಾಕು ಮಾಡು," ಎಂದ ದರ್ಜಿ.

"ಒಂದು ಸಲವಾದರೂ ನನ್ನ ಪುಸ್ತಕ ತೆಗೆದು ನೋಡ್ತಾರಾ ಅಂತ ಕಾಯ್ತಿದ್ದೀನಿ ಕಣ್ರೀ."

ಅವರು ಹೊರಡುವ ಹೊತ್ತಿಗೂ ಲೋಟ ಪುಸ್ತಕದ ಮೇಲೆಯೇ ಇತ್ತು.

"ಸರ್, ಆ ಲೋಟ ಸ್ವಲ್ಪ ಎತ್ತಿ. ಒಳಗೆ ಕೆಂಪು ದಾರ ಇಟ್ಟಿರೋ ಪುಟ ಓದಿ."

ದುಂಡನೆಯ ಅಕ್ಷರದಲ್ಲಿ ತಾರೀಖು ಸಮೇತ ಬರೆದಿತ್ತು: "ಪೈಪು ಸೋರಿತು. ಕೊಳಾಯಿಯವನು ಯಂತ್ರ ಸರಿಸಿದ, ನೆಲಕ್ಕೆ ಹೊಸ ಸಿಮೆಂಟು ಹಾಕಿ ಮತ್ತೆ ಇಟ್ಟ. ಬಾಗಿಲ ಕಡೆ ಇದ್ದ ಯಂತ್ರದ ಬಾಣ ಈಗ ಕಿಟಕಿ ಕಡೆ. ಪ್ರೊಫೆಸರ್ ಆಫೀಸಿಗೆ ಫೋನ್ ಮಾಡಿದೆ. ದೀಪ ಹಸಿರು ಇದ್ದರೆ ಸಾಕು ಎಂದರು."

ಪ್ರೊಫೆಸರ್ ಅದನ್ನು ಎರಡು ಸಲ ಓದಿದರು. ಕಿವಿ ಕೆಂಪಗಾದವು. ಆಮೇಲೆ ಮೊಣಕಾಲು ಹಿಡಿದುಕೊಂಡು, ಮೊದಲ ಬಾರಿಗೆ, ಇಪ್ಪತ್ತೆರಡು ಮೆಟ್ಟಿಲು ಇಳಿದರು. ಉತ್ತರಕ್ಕೆ ಮುಖ ಮಾಡಿರಬೇಕಿದ್ದ ಯಂತ್ರದ ಮೈಮೇಲಿನ ಬಾಣ ಕಿಟಕಿಯನ್ನೇ ನೋಡುತ್ತಿತ್ತು.

"ನಾಲ್ಕು ವರ್ಷದ ಕೆಲಸ ಮಣ್ಣುಪಾಲಾಯ್ತಲ್ಲಮ್ಮ."

ಈಗ ಬೀಗದಮ್ಮನಿಗೇ ಕಸಿವಿಸಿಯಾಯಿತು. ಎರಡು ದಿನ ಆಡಿಸಿದ್ದು ಹೆಚ್ಚಾಯಿತೇನೋ. "ಯಾವತ್ತು ತಿರುಗಿಸಿದ್ದು, ಎಷ್ಟು ಅಂತ ಗೊತ್ತಾಯ್ತಲ್ಲ ಸರ್. ಅಷ್ಟನ್ನೇ ಲೆಕ್ಕದಲ್ಲಿ ಹಿಂದಕ್ಕೆ ತಿರುಗಿಸೋಕಾಗಲ್ವಾ?"

ಅವರು ನಕ್ಕುಬಿಟ್ಟರು. ಆಗುತ್ತಿತ್ತು. ಕೋನವನ್ನು ಅಳೆದು ಕಂಪ್ಯೂಟರಿಗೆ ಕೊಟ್ಟಾಗ ತಂಟೆಕೋರ ಬಾಣ ಉಳಿದ ಹನ್ನೊಂದರ ಜೊತೆ ತೆಪ್ಪಗೆ ಕರಾವಳಿಯುದ್ದಕ್ಕೆ ಮಲಗಿತು. ಬಿರುಕು ಮಾಯವಾಯಿತು, ದತ್ತಾಂಶ ಉಳಿಯಿತು. ಸಭೆಯಲ್ಲಿ ಪ್ರೊಫೆಸರ್ ತಮ್ಮ ಪಾಡನ್ನು ತಾವೇ ಹೇಳಿಕೊಂಡರಂತೆ, ಜನ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ.

ಮರುತಿಂಗಳಿನಿಂದ ಉಳಿದ ಕೇಂದ್ರಗಳನ್ನು ತಪಾಸಣೆ ಮಾಡುವಾಗ ಅವರು ಬೀಗದಮ್ಮನನ್ನೂ ಕರೆದೊಯ್ದರು. ಮೊದಲ ಕೇಂದ್ರದ ಕಾವಲುಗಾರ ಎದೆ ಸೆಟೆಸಿ, "ಆ ಯಂತ್ರವನ್ನ ನಾನು ಮುಟ್ಟೇ ಇಲ್ಲ," ಎಂದ.

ಬೀಗದಮ್ಮ ಬಗ್ಗಿ, ಯಂತ್ರದ ಮೇಲೆ ಒಣಗುತ್ತಿದ್ದ ಕಾಲುಚೀಲ ಎತ್ತಿ ಅವನ ಕೈಗಿತ್ತಳು. "ಇದು ತಾನೇ ನಡ್ಕೊಂಡು ಬಂದಿರಬೇಕು ಬಿಡಪ್ಪ."