ಸಂಜೆ ಬಸ್ಸಿಗೆ ಮುಂಚಿನ ಸುದ್ದಿ

ಅವರ ಬಲಗೈ ಹೆಬ್ಬೆರಳಿನ ಉಗುರು ಅರ್ಧಕ್ಕರ್ಧ ಸುಟ್ಟು ಕರ್ರಗಾಗಿತ್ತು. ಬೆಸುಗೆ ಹಾಕುವ ಕಡ್ಡಿ ಕಾದಿದೆಯೋ ಇಲ್ಲವೋ ಎಂದು ಆ ಬೆರಳಿನಿಂದಲೇ ಮುಟ್ಟಿ ನೋಡುತ್ತಿದ್ದರು. ನಾನು ಬೈದರೆ, "ಬೆರಳು ನಂದು, ಸುಡೋದು ನಂದು. ನಿಮಗೇನ್ರೀ ಮೇಷ್ಟ್ರೇ?" ಎನ್ನುತ್ತಿದ್ದರು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನ ಬಾಡಿಗೆ ಕೋಣೆಯ ಕೆಳಗೆ ಅವರ ರೇಡಿಯೋ ರಿಪೇರಿ ಅಂಗಡಿ. ಓಣಿಗೆಲ್ಲ ಅವರು ರೇಡಿಯೋ ಮಾವ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಗುಜರಿಯಲ್ಲಿ ಸಿಕ್ಕ ಮಿಲಿಟರಿ ಸಾಮಾನು ಜೋಡಿಸಿ ಮೈಕು ಮಾಡಿಕೊಂಡು, ಮಾಳಿಗೆಯ ಮೇಲೊಂದು ಸ್ಪೀಕರ್ ಕಟ್ಟಿದರು. ಮದ್ರಾಸಿನ ರೇಡಿಯೋ ಲೋಕದ ಸುದ್ದಿಯನ್ನೆಲ್ಲ ಹೇಳುತ್ತಿತ್ತು. ಬಳ್ಳಾರಿಯದು ಒಂದು ಮಾತಿಲ್ಲ. ಇವರು ದಿನಾ ಸಂಜೆ, ಕುರುಗೋಡು, ಸಿರುಗುಪ್ಪದ ಕೊನೆಯ ಬಸ್ಸುಗಳು ಅಂಗಡಿ ಮುಂದೆ ನಿಂತಾಗ ಒಮ್ಮೆ ಕೆಮ್ಮಿ ಶುರು ಮಾಡುತ್ತಿದ್ದರು: "ಕೌಲ್ ಬಜಾರಿನಿಂದ ಮಾತಾಡಾಕತ್ತೀನಿ, ಕೇಳ್ರಿ." ಯಾರ ಎಮ್ಮೆ ತಪ್ಪಿಸಿಕೊಂಡಿದೆ, ಯಾವ ಓಣಿಗೆ ನಾಳೆ ನೀರಿಲ್ಲ, ಆಸ್ಪತ್ರೆಯಲ್ಲಿ ಯಾರಿಗೆ ಜಾಸ್ತಿಯಾಗಿದೆ, ಯಾರು ತೀರಿಕೊಂಡರು. ಅದು ಮುಗಿಯದೆ ಡ್ರೈವರುಗಳು ಬಸ್ಸು ಬಿಡುತ್ತಿರಲಿಲ್ಲ. ಕಂಡಕ್ಟರುಗಳು ಆ ಸುದ್ದಿಯನ್ನು ದಾರಿಯ ಊರೂರಿಗೂ ಮುಟ್ಟಿಸುತ್ತಿದ್ದರು. ಸಿರುಗುಪ್ಪದ ಹೆಂಗಸೊಬ್ಬಳು ಇಲ್ಲಿನ ಆಸ್ಪತ್ರೆಯಲ್ಲಿ ಹೆರಿಗೆಯಾಗದೆ ಒದ್ದಾಡುತ್ತಿದ್ದಾಗ ಆಪರೇಷನ್ನಿಗೆ ಊರಲ್ಲಿದ್ದ ಗಂಡನ ಸಹಿ ಬೇಕಾಗಿತ್ತು. ಮಾವ ಹೇಳಿದರು, ಬಸ್ಸು ಒಯ್ಯಿತು, ಗಂಡ ಲಾರಿ ಹತ್ತಿ ಬಂದ. ತಾಯಿ, ಕೂಸು ಉಳಿದವು.

ಇದಕ್ಕೊಂದು ಲೈಸೆನ್ಸ್ ಇರಲಿ ಎಂದವನು ನಾನು. ನಾಲ್ಕಕ್ಷರ ಇಂಗ್ಲೀಷು ಕಲಿತ ಸೊಕ್ಕು.

"ಈತನಕ ಯಾರಾದ್ರೂ ಕೇಳ್ಯಾರೇನ್ರೀ? ಕೇಳದವರ ಬಾಗಿಲಾ ನಾವ್ಯಾಕ ಬಡೀಬೇಕು?" ಎಂದರು ಮಾವ. ನಾನು ಬಿಡಲಿಲ್ಲ. ಸಾರ್ವಜನಿಕರಿಗೆ ಇದರಿಂದೇನು ಉಪಯೋಗ ಎಂದು ಅರ್ಜಿಯಲ್ಲೊಂದು ಕಾಲಂ ಇತ್ತು. ಮೂರು ವರ್ಷದಿಂದ ಒಂದು ಸಂಜೆಯೂ ತಪ್ಪಿಸದೆ ನಡೆಸಿದ್ದಾರೆ ಎಂದು ಹೆಮ್ಮೆಯಿಂದ ಬರೆದೆ. ಆ ಬಾಣಂತಿಯಿಂದ ಹೆಬ್ಬೆಟ್ಟು ಒತ್ತಿಸಿ ಒಂದು ಕಾಗದವನ್ನೂ ಲಗತ್ತಿಸಿದೆ.

ಅಧಿಕಾರಿ ಎಲ್ಲವನ್ನೂ ನಿಧಾನವಾಗಿ ಓದಿದ. "ಅಂದ್ರೆ ಮೂರು ವರ್ಷದಿಂದ ಲೈಸೆನ್ಸಿಲ್ಲದೆ ನಡೆಸ್ತಿದ್ದೀರಿ. ಸಾಕ್ಷಿ ಸಮೇತ ನೀವೇ ಬರ್ಕೊಟ್ಟಿದ್ದೀರಿ," ಎಂದ. ಉಪಯೋಗದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಮರುದಿನ ಪೊಲೀಸರು ಬಂದು ಮೈಕು, ಸ್ಪೀಕರ್ ಎಲ್ಲ ಹೊತ್ತುಕೊಂಡು ಹೋದರು.

"ಇಂಗ್ಲೀಷ್ ಭಾಳ ಚಲೋ ಬರದಿದ್ರಿ, ಮೇಷ್ಟ್ರೇ," ಎಂದರು ಮಾವ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಆಮೇಲೆಯೂ ಸಂಜೆ ಬಸ್ಸು ಬಂದು ನಿಂತರೆ ಅವರು ರೂಢಿಯಂತೆ ಒಮ್ಮೆ ಕೆಮ್ಮುತ್ತಿದ್ದರು, ಮತ್ತೆ ಬೆಸುಗೆ ಕಡ್ಡಿಗೆ ಕೈ ಹಾಕುತ್ತಿದ್ದರು. ಮತ್ತೆ ಅರ್ಜಿ ಹಾಕಿದೆವು. ಮುಂದೆ ಬಳ್ಳಾರಿ ಮದ್ರಾಸ್ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಆ ಫೈಲು ಎಲ್ಲಿಗೆ ಸೇರಿತೋ, ಹಾಳಾಗಿ ಹೋಗಲಿ, ಯಾವ ಕಚೇರಿಯವರೂ ಹೇಳಲಿಲ್ಲ.

ಅದೇ ವರ್ಷ ಒಂದು ಸಂಜೆ ಮಾವ ಆಸ್ಪತ್ರೆಯಲ್ಲಿ ತೀರಿಕೊಂಡರು. ಅವರಿಗಿದ್ದವಳು ಕುರುಗೋಡಿನ ಅಕ್ಕ ಒಬ್ಬಳೇ. ಕುರುಗೋಡಿನ ಬಸ್ಸು ಇನ್ನೂ ಹೊರಟಿರಲಿಲ್ಲ. ಓಣಿಯ ಜನವೆಲ್ಲ ಅಲ್ಲಿದ್ದೆವು; ಓಡಿ ಹೋಗಿ ಕಂಡಕ್ಟರನಿಗೆ ಹೇಳಬೇಕೆಂದು ಒಬ್ಬರಿಗೂ ತೋಚಲಿಲ್ಲ. ಸತ್ತವರ ಸುದ್ದಿ ಬಸ್ಸಿಗೆ ತಾನಾಗಿ ಮುಟ್ಟುತ್ತದೆ ಎಂಬುದು ಸ್ಪೀಕರ್ ಹೋದ ಮೇಲೂ ಬಿಡದಷ್ಟು ರೂಢಿಯಾಗಿಬಿಟ್ಟಿತ್ತು. ಮರುದಿನ ಮಧ್ಯಾಹ್ನದವರೆಗೆ ಅಕ್ಕನಿಗಾಗಿ ಕಾದು ಮಣ್ಣು ಮಾಡಿದೆವು.

ಮೂರನೆಯ ದಿನ ಆಕೆ ಬಂದಳು. ಕೈಯಲ್ಲಿ ತಮ್ಮನಿಗೆಂದು ತಂದ ರೊಟ್ಟಿ ಗಂಟು. ಬಾಗಿಲಿಗೆ ಹಾಕಿದ ಬೀಗ ನೋಡಿ ನನ್ನನ್ನು ಕೂಗಿದಳು. ಹೇಳಿದೆ. ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕುಳಿತಳು.

"ಊರ ಮಂದಿ ಸಾವೆಲ್ಲಾ ಹೇಳ್ತಿದ್ನಲ್ರೀ ನನ್ನ ತಮ್ಮ. ಅವಂದು ಒಬ್ರೂ ಹೇಳಲಿಲ್ಲಲ್ರೀ, ಮೇಷ್ಟ್ರೇ. ಯಾಕ್ರೀ?"

ಅರ್ಜಿ ಬರೆದವನು ನಾನು ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ.