ಉಗುಳು ಕೊಟ್ಟು ಹುಡುಕಿದ ತಂಗಿ

ಎರಡು ವರ್ಷದ ಹಿಂದೆ ಮಗಳ ಒತ್ತಾಯಕ್ಕೆ ಒಂದು ಕೊಳವೆಯಲ್ಲಿ ಉಗುಳು ತುಂಬಿ ಡಿಎನ್‌ಎ ಪರೀಕ್ಷೆಗೆ ಕಳಿಸಿದ್ದೆ. ಸಕ್ಕರೆ ಕಾಯಿಲೆ ಬರಬಹುದು ಎಂದು ವರದಿ ಬಂತು. ಆ ಕಾಯಿಲೆ ಬಂದು ಆಗಲೇ ಹತ್ತು ವರ್ಷವಾಗಿತ್ತು. ವರದಿಯನ್ನು ಫೈಲಿಗೆ ಸೇರಿಸಿ ಬೀರುವಿನಲ್ಲಿಟ್ಟೆ.

ಈ ಬೇಸಿಗೆಯಲ್ಲಿ ಮಗಳು, ಅದೇ ಮಾಹಿತಿಯನ್ನು ಇನ್ನೊಂದು ಜಾಲತಾಣಕ್ಕೆ ಹಾಕಿದರೆ ರಕ್ತಸಂಬಂಧಿಗಳು ಸಿಗುತ್ತಾರೆ ಎಂದಳು. ನಾನು ಒಪ್ಪಿದ್ದಕ್ಕೆ ಒಂದೇ ಕಾರಣ. ನನಗೆ ನಾಲ್ಕು ವರ್ಷವಿದ್ದಾಗ ಅವ್ವ ಹಸುಗೂಸಾಗಿದ್ದ ತಂಗಿಯನ್ನು ಮಕ್ಕಳಿಲ್ಲದ ದಂಪತಿಯ ಮಡಿಲಿಗೆ ಹಾಕಿದ್ದಳು. ರಾಯಚೂರಿನ ಹತ್ತಿ ಬಿಡಿಸುವ ಜಿನ್ನಿಂಗ್ ಗಿರಣಿಯಲ್ಲಿ ದುಡಿಯುತ್ತಿದ್ದ ಅವರು ತೆಲಂಗಾಣದ ಕಡೆ ಹೋದವರು ಮತ್ತೆ ಕಾಣಲಿಲ್ಲ. ನಾನೂ ಅಕ್ಕನೂ ಹುಡುಕಿ ಹುಡುಕಿ ಮುದುಕರಾದೆವು.

ಆರಕ್ಕೆ ವಾಕಿಂಗ್, ಏಳಕ್ಕೆ ಸ್ನಾನ, ಎಂಟಕ್ಕೆ ಆ ಜಾಲತಾಣ. ಮೂರನೆಯ ವಾರ ತೆಲಂಗಾಣದ ಮಹಬೂಬ್‌ನಗರದ ಒಬ್ಬ ಹೆಂಗಸು ಸಿಕ್ಕಳು. ಹೆಸರಿನ ಜಾಗದಲ್ಲಿ ಎರಡೇ ಅಕ್ಷರ. ಮಲತಂಗಿಯಷ್ಟು ಹತ್ತಿರದ ರಕ್ತ ಎಂದಿತ್ತು. ತಂಗಿಯೇ ಎಂದುಕೊಂಡೆ. ಅವಳ ಖಾತೆ ನೋಡಿಕೊಳ್ಳುವ ಅವಳ ಮಗಳಿಗೆ ನನ್ನ ಹೆಸರು, ಊರು, ಫೋನ್ ನಂಬರು ಬರೆದು, ಮರುದಿನವೇ ಬಸ್ಸು ಹತ್ತಿ ಗಬ್ಬೂರಿನ ಅಕ್ಕನ ಮನೆಗೆ ಹೋದೆ.

"ಮಲತಂಗಿ ಅಂದ್ರ ಏನಲೇ? ಅಪ್ಪಗ ಇನ್ನೊಂದು ಮನಿ ಇತ್ತಂತೇನು?" ಎಂದಳು ಅಕ್ಕ.

"ಅಷ್ಟು ಹತ್ತಿರದಾಕಿ ಅಂತ, ಯಕ್ಕಾ."

"ನಮ್ಮಕಿ ಆಗಿದ್ರ ಪೂರಾ ತಂಗಿ ಅಂತ ಬರಬೇಕಿತ್ತು. ಅಪ್ಪನ ತಂಗಿ ಅತ್ತಿನ್ನ ಮಾಮಗ ಕೊಟ್ಟು, ಅವನ ತಂಗಿ ನಮ್ಮವ್ವನ್ನ ಅಪ್ಪಗ ತಂದಿದ್ರು. ಎರಡೂ ಮನಿ ರಕ್ತ ಒಂದ. ಇಕಿ ಆ ಬಾಗಲವಾಡದ ಅತ್ತಿ ಮಗಳಿರಬೇಕು, ಬಸ್ ಡ್ರೈವರ್ ಜೋಡಿ ಓಡಿ ಹೋದಾಕಿ, ಮರ್ತೇನು?"

ಮರೆತಿರಲಿಲ್ಲ. ಬೇರೆ ಜಾತಿಯವನನ್ನು ಕಟ್ಟಿಕೊಂಡಳೆಂದು ಅವಳ ಸುದ್ದಿಯನ್ನೇ ಎತ್ತುತ್ತಿರಲಿಲ್ಲ, ಅಷ್ಟೆ. ರಾಯಚೂರಿನ ನಮ್ಮ ಮನೆಗೆ ಬಂದು ಮಗಳಿಂದ ಜಾಲತಾಣದಲ್ಲಿ ನೋಡಿಸಿದೆ. ಹೆಣ್ಣು ಕೊಟ್ಟು ತಂದ ಮನೆಗಳ ಮಕ್ಕಳಿಗೆ ಮಲತಂಗಿಯಷ್ಟೇ ರಕ್ತ ಹೊಂದುತ್ತದಂತೆ, ಒಡಹುಟ್ಟಿದವಳಾದರೆ ಅದರ ಎರಡರಷ್ಟು. ಆ ದಿನ ಊಟ ಸೇರಲಿಲ್ಲ.

ಮೂರನೆಯ ದಿನ ಫೋನು ಬಂತು.

"ಯಣ್ಣಾ, ಬಾಗಲವಾಡದವರು ನನ್ನ ಹುಡುಕಾಕತ್ತಾರೇನು?" ಎಂದಳು ಅತ್ತೆಯ ಮಗಳು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಇಲ್ಲವ್ವಾ. ನಾನು ಹುಡುಕಿದ್ದು ನನ್ನ ತಂಗಿನ್ನ."

ಫೋನು ಇಡುತ್ತಾಳೆ ಎಂದುಕೊಂಡೆ.

"ಆಕಿ ಈ ಕಡಿನ ಬಂದಿದ್ಲಲ್ಲ," ಎಂದಳು. "ಸಾಕಿದವರ ಹೆಸರು ಹೇಳು. ನಾ ಕೇಳಿ ನೋಡ್ತೀನಿ."

ಹೇಳಿದೆ. ಅವಳು ಬರೆದುಕೊಳ್ಳಲೆಂದು ಇನ್ನೊಮ್ಮೆ ನಿಧಾನವಾಗಿ ಹೇಳಿದೆ.